ಶಾಖ ಎಲ್ಲಿಗೆ ಹೋಗಬೇಕು? ರೇಸ್ ಬೈಕಿನ ಬೆಂಡ್ ಪೈಪಿಗೆ ಪಟ್ಟಿ ಸುತ್ತುವ ಕೆಲಸ

ಎಲ್ಲರಿಗೂ ನಮಸ್ಕಾರ. ಇಂಜಿನ್ನಿನಿಂದ ಬಿಸಿ ಹೊಗೆಯನ್ನು ಸೈಲೆನ್ಸರಿಗೆ ಒಯ್ಯುವ ಬಾಗಿದ ಕೊಳವೆಯೇ ಬೆಂಡ್ ಪೈಪು, ಅದಕ್ಕೆ ಸುತ್ತುವ ಶಾಖ ತಡೆಯುವ ನಾರಿನ ಪಟ್ಟಿಯೇ ಹೀಟ್ ರ‍್ಯಾಪ್. ಬೆಂಡ್ ಪೈಪಿಗೆ ಹೀಟ್ ರ‍್ಯಾಪ್ ಸುತ್ತಿದ ಬೈಕು ನೋಡಿದ ತಕ್ಷಣ ರೇಸ್ ಬೈಕಿನ ಹಾಗೆ ಕಾಣುತ್ತದೆ. ಹಾಗಾಗಿ ಬಹಳ ಜನ ಮೊದಲು ಸುತ್ತಿಬಿಡುತ್ತಾರೆ, ಯಾಕೆ ಸುತ್ತಿದೆವು ಎಂದು ಆಮೇಲೆ ಯೋಚಿಸುತ್ತಾರೆ. ಇವತ್ತಿನ ಮಾತು ಆ ಯಾಕೆ ಎಂಬಲ್ಲಿಂದಲೇ ಶುರುವಾಗಲಿ. ಅದು ತಿಳಿದರೆ ಎಷ್ಟು ಉದ್ದ ಸುತ್ತಬೇಕು, ಎಲ್ಲಿ ಬಿಡಬೇಕು, ಯಾವ ಪೈಪಿಗೆ ಸುತ್ತಲೇಬಾರದು ಎಂಬುದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಪಟ್ಟಿ ಶಾಖವನ್ನು ಕಡಿಮೆ ಮಾಡುವುದಿಲ್ಲ. ಶಾಖ ಹೊರಗೆ ಹೋಗುವ ದಾರಿಯನ್ನು ಮುಚ್ಚುತ್ತದೆ, ಅಷ್ಟೆ. ಪೂರ್ತಿ ಥ್ರಾಟಲ್‌ನಲ್ಲಿ ಓಡುವ ಫೋರ್ ಸ್ಟ್ರೋಕ್ ಇಂಜಿನ್ನಿನ ಎಕ್ಸಾಸ್ಟ್ ಪೋರ್ಟಿನ (ಸಿಲಿಂಡರಿನಿಂದ ಹೊಗೆ ಹೊರಬರುವ ಬಾಯಿಯ) ಬಳಿ ಅನಿಲ 700ರಿಂದ 850 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಬರಿಯ ಪೈಪಿನ ಲೋಹ ಒಳಗಿನ ಈ ಬಿಸಿಗೂ ಹೊರಗೆ ಬೀಸುವ ಗಾಳಿಗೂ ನಡುವೆ ಎಲ್ಲೋ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಪಟ್ಟಿ ಸುತ್ತಿದ ಮೇಲೆ ಗಾಳಿ ಲೋಹಕ್ಕೆ ತಾಕುವುದಿಲ್ಲ. ಆಗ ಲೋಹದ ಬಿಸಿ ಅನಿಲದ ಬಿಸಿಯತ್ತ ಏರುತ್ತದೆ. ಹೊರಗಿಟ್ಟ ಕೈಗೆ ತಂಪು, ಒಳಗಿನ ಲೋಹಕ್ಕೆ ಮೊದಲಿಗಿಂತ ಹೆಚ್ಚು ಕಾವು. ಲಾಭ, ನಷ್ಟ ಎರಡೂ ಹುಟ್ಟುವುದು ಇಲ್ಲೇ.

ಹಾಗಾದರೆ ಲಾಭ ಯಾರಿಗೆ? ಪೈಪಿನ ಅಕ್ಕಪಕ್ಕ ಇರುವವರಿಗೆ. ಸ್ಪೋರ್ಟ್ಸ್ ಬೈಕುಗಳಲ್ಲಿ ಬೆಂಡ್ ಪೈಪು ರೇಡಿಯೇಟರಿನ ಹಿಂದಿಳಿದು, ಆಯಿಲ್ ಸಂಪಿನ ಪಕ್ಕದಲ್ಲಿ ಹಾದು, ಹಿಂದಿನ ಶಾಕ್ ಅಬ್ಸಾರ್ಬರಿನ ಬುಡಕ್ಕೆ ಬರುತ್ತದೆ. ಶಾಕಿನೊಳಗಿನ ಎಣ್ಣೆ ಕಾದರೆ ತೆಳುವಾಗುತ್ತದೆ, ಡ್ಯಾಂಪಿಂಗ್, ಅಂದರೆ ಕುಣಿತವನ್ನು ತಡೆಯುವ ಬಿಗಿ, ಸಡಿಲವಾಗುತ್ತದೆ. ಮೊದಲ ಮೂರು ಲ್ಯಾಪ್ ಸರಿಯಾಗಿ ಹೋದ ಬೈಕು ಎಂಟನೇ ಲ್ಯಾಪಿನಲ್ಲಿ ತಿರುವಿನಿಂದ ಹೊರಬರುವಾಗ ಕುಣಿಯತೊಡಗಿದರೆ ಸಸ್ಪೆನ್ಷನ್ ಕ್ಲಿಕ್ಕರ್ ತಿರುಗಿಸುವ ಮೊದಲು ಪೈಪಿಗೂ ಶಾಕಿಗೂ ಎಷ್ಟು ಅಂತರ ಇದೆ ನೋಡಿ. ಅಂಥ ಕಡೆ ಬರೀ 200 ಮಿ.ಮೀ. ಉದ್ದ ಪಟ್ಟಿ ಸುತ್ತಿದರೆ ಸಾಕು. ಪೈಪನ್ನು ಪೂರ್ತಿ ಮುಚ್ಚುವ ಅಗತ್ಯವೇ ಇಲ್ಲ.

ಇನ್ನೊಂದು ಲಾಭ ಇಂಜಿನ್ ಒಳಗೆ ಎಳೆದುಕೊಳ್ಳುವ ಗಾಳಿಯದು. 30 ಡಿಗ್ರಿಯ ಗಾಳಿ 40ಕ್ಕೆ ಏರಿದರೆ ಅದರ ಸಾಂದ್ರತೆ ಸುಮಾರು ಶೇಕಡಾ 3ರಷ್ಟು ಇಳಿಯುತ್ತದೆ. ಅಷ್ಟು ಆಮ್ಲಜನಕ ಕಡಿಮೆ, ಅಷ್ಟು ಶಕ್ತಿ ಕಡಿಮೆ. ಏರ್‌ಬಾಕ್ಸ್ ಅಥವಾ ಕಾರ್ಬುರೇಟರ್ ಪೈಪಿನ ಬಿಸಿ ಗಾಳಿಯಲ್ಲಿ ಮುಳುಗಿದ್ದರೆ ಪಟ್ಟಿಯಿಂದ ಸಿಗುವ ಫಲ ಕಣ್ಣಿಗೆ ಕಾಣುವಷ್ಟು ಇರುತ್ತದೆ. ಏರ್‌ಬಾಕ್ಸಿಗೆ ಮೊದಲೇ ಮುಂದಿನಿಂದ ತಣ್ಣನೆಯ ಗಾಳಿ ಬರುತ್ತಿದ್ದರೆ ಫೋರ್ ಸ್ಟ್ರೋಕಿನಲ್ಲಿ ಪಟ್ಟಿಯಿಂದ ಕುದುರೆಶಕ್ತಿ ನಿರೀಕ್ಷಿಸಬೇಡಿ. ಸವಾರನ ಕಾಲಿಗೆ, ರೇಡಿಯೇಟರಿಗೆ ಅದು ಮಾಡುವ ಉಪಕಾರವೇ ಅದರ ನಿಜವಾದ ಬೆಲೆ.

ಟೂ ಸ್ಟ್ರೋಕಿನ ಕತೆಯೇ ಬೇರೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನಮ್ಮ ಕಡೆ ಡ್ರ್ಯಾಗ್ ಓಟಕ್ಕೆ (ನೇರ ದಾರಿಯ ಕಿರು ಓಟಕ್ಕೆ) ಇಂದಿಗೂ ಯಮಹಾದ ಹಳೆಯ ಆರ್‌ಎಕ್ಸ್ 100 ತಯಾರಾಗುತ್ತದೆ. 50 ಮಿ.ಮೀ. ಬೋರ್, 50 ಮಿ.ಮೀ. ಸ್ಟ್ರೋಕಿನ ಆ 98 ಸಿಸಿ ಇಂಜಿನ್ನಿಗೆ ಎಕ್ಸ್‌ಪ್ಯಾನ್ಷನ್ ಚೇಂಬರ್ ಹಾಕದವರು ಯಾರು? ನಡುವೆ ಉಬ್ಬಿ, ಎರಡೂ ತುದಿಗೆ ಕೋನಿನಂತೆ ಸಣ್ಣದಾಗುವ ಎಕ್ಸಾಸ್ಟ್ ಪೈಪು ಅದು. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಝಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಈ ಚೇಂಬರನ್ನು ರೇಸಿಗೆ ಪಳಗಿಸಿದರು. ಪೋರ್ಟ್ ತೆರೆದಾಗ ಹೊರಡುವ ಒತ್ತಡದ ಅಲೆ ಚೇಂಬರಿನ ಕೊನೆಯ ಕೋನಿಗೆ ಬಡಿದು ವಾಪಸ್ ಬರುತ್ತದೆ. ಹೊರಗೆ ತಪ್ಪಿಸಿಕೊಂಡ ಹೊಸ ಮಿಶ್ರಣವನ್ನು ಪೋರ್ಟ್ ಮುಚ್ಚುವ ಮುನ್ನ ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಆ ಅಲೆ ಓಡುವುದು ಶಬ್ದದ ವೇಗದಲ್ಲಿ, ಶಬ್ದದ ವೇಗ ನಿಂತಿರುವುದು ಅನಿಲದ ಬಿಸಿಯ ಮೇಲೆ.

ಲೆಕ್ಕ ಹಾಕೋಣ. ಅಲೆಯ ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ತೆಗೆದುಕೊಂಡು, ಪೋರ್ಟ್ ತೆರೆದಿರುವಷ್ಟು ಹೊತ್ತು ಕ್ರ್ಯಾಂಕ್ ತಿರುಗುವ ಡಿಗ್ರಿಯಿಂದ (ಇದು ಬಿಸಿಯ ಡಿಗ್ರಿಯಲ್ಲ, ಕೋನದ್ದು) ಗುಣಿಸಿ, ಆರ್‌ಪಿಎಂನ 12 ಪಟ್ಟಿನಿಂದ ಭಾಗಿಸಿದರೆ ಚೇಂಬರಿನ ಟ್ಯೂನ್ ಆದ ಉದ್ದ ಮೀಟರಿನಲ್ಲಿ ಸಿಗುತ್ತದೆ. ವೇಗ 518, ಪೋರ್ಟ್ 190 ಡಿಗ್ರಿ, 11,000 ಆರ್‌ಪಿಎಂ ಎಂದು ಹಿಡಿದರೆ ಉದ್ದ 746 ಮಿ.ಮೀ. ಈ 518 ಎಂಬ ವೇಗ ಚೇಂಬರಿನೊಳಗೆ ಸರಾಸರಿ 420 ಡಿಗ್ರಿ ಬಿಸಿ ಇದ್ದಾಗಿನದು. ಈಗ ಪಟ್ಟಿ ಸುತ್ತಿದ್ದರಿಂದ ಆ ಸರಾಸರಿ 50 ಡಿಗ್ರಿ ಏರಿತು ಎಂದಿಟ್ಟುಕೊಳ್ಳಿ. ವೇಗ 536ಕ್ಕೆ ಹೋಗುತ್ತದೆ. ಅದೇ ಚೇಂಬರ್ ಈಗ 11,000ಕ್ಕೆ ಬದಲು ಸುಮಾರು 11,400ರಲ್ಲಿ ಟ್ಯೂನ್ ಆಗುತ್ತದೆ. ಅಥವಾ 11,000ದಲ್ಲೇ ಉಳಿಯಬೇಕಾದರೆ ಪೈಪು 26 ಮಿ.ಮೀ. ಉದ್ದವಾಗಬೇಕು. ಅಂದರೆ ಟೂ ಸ್ಟ್ರೋಕಿಗೆ ಪಟ್ಟಿ ಸುತ್ತಿದವರು, ಗೊತ್ತಿದ್ದೋ ಗೊತ್ತಿಲ್ಲದೆಯೋ, ಪೈಪನ್ನು ಒಂದು ಇಂಚು ಕತ್ತರಿಸಿ ಗಿಡ್ಡ ಮಾಡಿದ್ದಾರೆ. ಮೇಲಿನ ಆರ್‌ಪಿಎಂನಲ್ಲಿ ಬೈಕು ಇನ್ನಷ್ಟು ಎಳೆಯುತ್ತದೆ, ಕೆಳಗೆ ಸಪ್ಪೆಯಾಗುತ್ತದೆ. ಆರ್‌ಎಕ್ಸ್‌ನಂತೆ ನಾಲ್ಕೇ ಗೇರ್ ಇರುವ ಬೈಕಿನಲ್ಲಿ ಗೇರ್ ಬದಲಿಸಿದಾಗ ಆರ್‌ಪಿಎಂ ಎಷ್ಟು ಬೀಳುತ್ತದೆ ಎಂಬುದನ್ನು ನೋಡಿಯೇ ಇದನ್ನು ತೀರ್ಮಾನಿಸಬೇಕು.

ಇದಕ್ಕಿಂತ ಗಂಭೀರವಾದದ್ದು ಪೋರ್ಟಿನ ಪಕ್ಕದ ಪೈಪು. ಹೊರಗೆ ಬಂದ ಹೊಸ ಮಿಶ್ರಣ ಕ್ಷಣಕಾಲ ತಂಗುವುದು ಅಲ್ಲಿ. ಆ ಗೋಡೆ ವಿಪರೀತ ಕಾದಿದ್ದರೆ ಮಿಶ್ರಣ ಬಿಸಿಯಾಗಿ, ಹಿಗ್ಗಿ ಸಿಲಿಂಡರಿಗೆ ಮರಳುತ್ತದೆ. ತುಂಬುವ ಮಿಶ್ರಣ ಕಡಿಮೆ, ನಾಕಿಂಗ್ (ಮಿಶ್ರಣ ಹತೋಟಿ ತಪ್ಪಿ ಸಿಡಿಯುವುದು) ಆಗುವ ಸಂಭವ ಹೆಚ್ಚು. ನಾಕಿಂಗ್ ಆದ ಟೂ ಸ್ಟ್ರೋಕ್ ಪಿಸ್ಟನ್ನಿನ ಅಂಚು ಮರಳು ತಿಂದಂತೆ ಸವೆಯುತ್ತದೆ, ಮುಂದಿನದು ಸೀಜ್, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವುದು. ಆದ್ದರಿಂದ ಪೋರ್ಟಿನಿಂದ ಮೊದಲ 150 ಮಿ.ಮೀ. ಬರಿದಾಗಿ ಬಿಡಿ. ಪಟ್ಟಿ ಸುತ್ತಿದ ಮೇಲಿನ ಮೊದಲ ಓಟಕ್ಕೆ ಮೈನ್ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲು ಬಿಡುವ ತೂತು) ಒಂದು ಸೈಜು ದೊಡ್ಡದು ಹಾಕಿ, ಪೂರ್ತಿ ಥ್ರಾಟಲ್‌ನಲ್ಲಿ ಕ್ಲಚ್ ಹಿಡಿದು ಇಂಜಿನ್ ಆರಿಸಿ ಪ್ಲಗ್ ಬಿಚ್ಚಿ ಅದರ ಬಣ್ಣ ನೋಡಿ, ಆಮೇಲೆ ಜೆಟ್ ಇಳಿಸಿ. ಎಕ್ಸಾಸ್ಟ್ ತಾಪಮಾನದ ಮೀಟರ್ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ: ಪಟ್ಟಿ ಸುತ್ತಿದ ಪೈಪಿನಲ್ಲಿ ಮೀಟರಿನ ಕಡ್ಡಿ ಕಾದ ಗೋಡೆಗಳ ನಡುವೆ ಇರುತ್ತದೆ, ಆದ್ದರಿಂದ ಮಿಶ್ರಣ ಬದಲಾಗದಿದ್ದರೂ ಅಂಕಿ ಹೆಚ್ಚು ತೋರಿಸುತ್ತದೆ. ಸುತ್ತುವ ಮುಂಚಿನ ಅಂಕಿಗೆ ಹೋಲಿಸಿ ಜೆಟ್ ಬದಲಿಸಬೇಡಿ. ಪ್ಲಗ್ ಹೇಳಿದ್ದನ್ನು ನಂಬಿ.

ಡ್ರ್ಯಾಗ್ ಓಟದಲ್ಲಿ ಪಟ್ಟಿಯ ಒಂದು ಒಳ್ಳೆಯ ಗುಣವನ್ನೂ ಹೇಳಬೇಕು. ಲೈನಿನಲ್ಲಿ ಕಾಯುವಾಗ ಬರಿಯ ಚೇಂಬರ್ ಬೇಗ ಆರುತ್ತದೆ. ಆರಿದ ಚೇಂಬರಿನ ಟ್ಯೂನ್ ಕೆಳಗಿನ ಆರ್‌ಪಿಎಂಗೆ ಇಳಿದಿರುತ್ತದೆ. ಹಾಗಾಗಿ ಒಂದು ಓಟಕ್ಕೂ ಇನ್ನೊಂದಕ್ಕೂ ಬೈಕಿನ ನಡತೆ ಬೇರೆಯಾಗುತ್ತದೆ. ಪಟ್ಟಿ ಈ ಏರುಪೇರನ್ನು ತಗ್ಗಿಸುತ್ತದೆ.

ಈಗ ಪಟ್ಟಿಯ ಜಾತಿ. ಬಿಳಿ ಅಥವಾ ಕಂದು ಬಣ್ಣದ ಅಗ್ಗದ ಪಟ್ಟಿ ಫೈಬರ್‌ಗ್ಲಾಸ್. ಅದು ನಿರಂತರವಾಗಿ ತಡೆಯುವುದು ಸುಮಾರು 550ರಿಂದ 650 ಡಿಗ್ರಿ. ಫೋರ್ ಸ್ಟ್ರೋಕಿನ ಪೋರ್ಟ್ ಪಕ್ಕದಲ್ಲಿ ಅದು ಗರಿಗರಿಯಾಗಿ ಪುಡಿಯಾಗುತ್ತದೆ. ಟೈಟಾನಿಯಂ ಎಂಬ ಹೆಸರಿನಲ್ಲಿ ಮಾರುವ ಕಂಚಿನ ಬಣ್ಣದ ಪಟ್ಟಿಯಲ್ಲಿ ಇರುವುದು ಬಸಾಲ್ಟ್ ಕಲ್ಲನ್ನು ಕರಗಿಸಿ ಎಳೆದ ನಾರು. ನಮ್ಮ ಬೆಳಗಾವಿ, ವಿಜಯಪುರದ ಕಡೆಯ ಕರಿಕಲ್ಲೂ ಇದೇ ಜಾತಿ. ಇದಕ್ಕೆ 980 ಡಿಗ್ರಿಯವರೆಗೆ ಎಂದು ತಯಾರಕರು ಬರೆದಿರುತ್ತಾರೆ. ರೇಸಿಗೆ ಇದನ್ನೇ ಕೊಳ್ಳಿ. ಹಳೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಯಾರಾದರೂ ಆಸ್ಬೆಸ್ಟಾಸ್ ಟೇಪು ತೋರಿಸಿದರೆ ಕೈಯಿಂದ ಮುಟ್ಟಲೂ ಬೇಡಿ. ಅದರ ನಾರು ಶ್ವಾಸಕೋಶದಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಯಾವ ಸಂಶಯವೂ ಉಳಿದಿಲ್ಲ.

ಪೈಪಿನ ಲೋಹ ಯಾವುದು ಎಂದು ತಿಳಿಯದೆ ಸುತ್ತಬೇಡಿ. ಮೈಲ್ಡ್ ಸ್ಟೀಲ್ 500 ಡಿಗ್ರಿ ದಾಟಿದ ಮೇಲೆ ಪದರ ಪದರವಾಗಿ ತುಕ್ಕಿನ ಹಪ್ಪಳ ಬಿಡುತ್ತದೆ. ಪಟ್ಟಿ ಅದನ್ನು ಚುರುಕು ಮಾಡುತ್ತದೆ, ಮೇಲಾಗಿ ಮರೆಮಾಚುತ್ತದೆ. ಕ್ರೋಮ್ ಹಚ್ಚಿದ ಪೈಪು ಇನ್ನೂ ಸೂಕ್ಷ್ಮ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಯೆಜ್ಡಿಗಳ ಮೂಲ ಸೈಲೆನ್ಸರಿಗೆ ಪಟ್ಟಿ ಸುತ್ತಿದರೆ ಆ ಕ್ರೋಮ್ ಮತ್ತೆ ಬರುವುದಿಲ್ಲ, ದಯವಿಟ್ಟು ಅವನ್ನು ಬಿಟ್ಟುಬಿಡಿ. 304 ದರ್ಜೆಯ ಸ್ಟೇನ್‌ಲೆಸ್ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ. ಆದರೆ 425ರಿಂದ 850 ಡಿಗ್ರಿಯ ನಡುವೆ ಬಹಳ ಹೊತ್ತು ಇದ್ದರೆ ಅದರೊಳಗಿನ ಕ್ರೋಮಿಯಂ ಇಂಗಾಲದ ಜೊತೆ ಸೇರಿ ಲೋಹದ ಕಣಗಳ ಅಂಚಿಗೆ ಸರಿಯುತ್ತದೆ. ಆ ಅಂಚಿನಲ್ಲೇ ಮುಂದೆ ಕೊರೆತ ಶುರುವಾಗುವುದು, ಬಿರುಕು ಬಿಡುವುದು. ಪಟ್ಟಿ ಸುತ್ತುವುದೇ ಖಚಿತವಾದರೆ ಪೈಪನ್ನು 321 ದರ್ಜೆಯಲ್ಲಿ ಮಾಡಿಸಿ. ಅದರಲ್ಲಿರುವ ಟೈಟಾನಿಯಂ ಆ ಇಂಗಾಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಶುದ್ಧ ಟೈಟಾನಿಯಂ ಪೈಪಿಗಂತೂ ಸುತ್ತಲೇಬಾರದು. 600 ಡಿಗ್ರಿಯ ಮೇಲೆ ಅದು ಗಾಳಿಯ ಆಮ್ಲಜನಕವನ್ನು ಹೀರಿ ಪೆಡಸಾಗುತ್ತದೆ. ಒಂದು ಮಿ.ಮೀ.ಗೂ ತೆಳುವಾದ ಗೋಡೆ, ಸ್ಪ್ರಿಂಗಿನ ಕೊಕ್ಕೆಯ ಬಳಿ ಮೊದಲು ಸೀಳುತ್ತದೆ. ಪಟ್ಟಿ ಸುತ್ತಿದ ಪೈಪಿಗೆ ಅನೇಕ ತಯಾರಕರು ವಾರಂಟಿ ಕೊಡುವುದಿಲ್ಲ, ಅದಕ್ಕೆ ಕಾರಣ ಇದೇ.

ಇನ್ನು ಸುತ್ತುವ ಕೆಲಸ. 38 ಮಿ.ಮೀ. ಹೊರವ್ಯಾಸದ, 600 ಮಿ.ಮೀ. ಉದ್ದದ ಬೆಂಡ್ ಪೈಪನ್ನು ಉದಾಹರಣೆಯಾಗಿ ಇಟ್ಟುಕೊಳ್ಳಿ. ಪಟ್ಟಿಯ ಅಗಲ 25 ಮಿ.ಮೀ. ಇರಲಿ, ದಪ್ಪ ಸಾಮಾನ್ಯವಾಗಿ ಒಂದೂವರೆ ಮಿ.ಮೀ. ಒಂದು ಸುತ್ತು ಹಿಂದಿನದರ ಮೇಲೆ 6 ಮಿ.ಮೀ. ಕೂರಬೇಕು. ಹಾಗಾದರೆ ಪ್ರತಿ ಸುತ್ತು ಮುಂದೆ ಹೋಗುವುದು 19 ಮಿ.ಮೀ. ಒಟ್ಟು 32 ಸುತ್ತು, ಸುತ್ತಿಗೆ ಹನ್ನೆರಡೂವರೆ ಸೆಂ.ಮೀ., ಅಂದರೆ 4 ಮೀಟರ್. ತುದಿಗಳ ಮಡಿಕೆಗೂ ಸೇರಿಸಿ 5 ಮೀಟರ್ ಇಟ್ಟುಕೊಳ್ಳಿ. 50 ಮಿ.ಮೀ. ಅಗಲದ ಪಟ್ಟಿ ತಂದರೆ ಎರಡು ಮೀಟರಿನಲ್ಲಿ ಕೆಲಸ ಮುಗಿಯುತ್ತದೆ ಎಂದು ಆಸೆಪಡಬೇಡಿ. ಇಷ್ಟು ಸಣ್ಣ ಪೈಪಿನ ಮೇಲೆ ಅದು ಬಹಳ ಓರೆಯಾಗಿ ಕೂರುತ್ತದೆ, ಅಂಚು ಎದ್ದು ಬಾಯಿ ಬಿಡುತ್ತದೆ, ಬೆಂಡಿನಲ್ಲಿ ಸುಕ್ಕುಗಟ್ಟುತ್ತದೆ. ಅಗಲದ ಪಟ್ಟಿ ಕಾರುಗಳ ದಪ್ಪ ಪೈಪಿಗೆ.

ಪೈಪನ್ನು ಬೈಕಿನಿಂದ ಬಿಚ್ಚಿ. ಬೈಕಿನ ಮೇಲೇ ಸುತ್ತಿದರೆ ಹಿಂಬದಿ ಎಂದೂ ಬಿಗಿಯಾಗುವುದಿಲ್ಲ. ವೈರ್ ಬ್ರಷ್ಷಿನಿಂದ ತುಕ್ಕು ಉಜ್ಜಿ, ಥಿನ್ನರಿನಿಂದ ಎಣ್ಣೆ ಒರೆಸಿ. ವೆಲ್ಡಿಂಗಿನ ಗೆರೆ, ಸ್ಪ್ರಿಂಗ್ ಕೊಕ್ಕೆ, ಬ್ರಾಕೆಟ್ಟಿನ ಬುಡ ಇವನ್ನೆಲ್ಲ ಬೆಳಕಿನಲ್ಲಿ ನೋಡಿ, ಏಕೆಂದರೆ ಇನ್ನು ಮುಂದೆ ಅವು ಕಾಣುವುದಿಲ್ಲ. ಮೈಲ್ಡ್ ಸ್ಟೀಲ್ ಆಗಿದ್ದರೆ 600 ಡಿಗ್ರಿ ತಡೆಯುವ ಸಿಲಿಕೋನ್ ಪೇಂಟಿನ ಎರಡು ತೆಳುವಾದ ಕೋಟ್ ಹೊಡೆದು ಒಣಗಿಸಿ.

ಉದ್ದ ತೋಳಿನ ಅಂಗಿ, ಕೈಗವಸು, ಎನ್95 ಮಾಸ್ಕ್ ಹಾಕಿಕೊಳ್ಳಿ. ಗಾಜಿನ ನಾರು ಚರ್ಮಕ್ಕೆ ಹೊಕ್ಕರೆ ಎರಡು ದಿನ ತುರಿಕೆ. ಫೈಬರ್‌ಗ್ಲಾಸ್ ಪಟ್ಟಿಯನ್ನು ಬಕೆಟ್ಟಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ ಹಿಂಡಿದರೆ ನಾರು ಮೃದುವಾಗುತ್ತದೆ, ಬಿಗಿಯಾಗಿ ಕೂರುತ್ತದೆ, ಧೂಳು ಏಳುವುದಿಲ್ಲ. ಬಸಾಲ್ಟ್ ಪಟ್ಟಿಯನ್ನು ನೆನೆಸದೆ ಒಣದಾಗಿಯೇ ಸುತ್ತಬಹುದು. ನೆನೆಸಲು ಉಪ್ಪುಪ್ಪಾದ ಬೋರ್‌ವೆಲ್ ನೀರು ಬೇಡ, ಕುಡಿಯುವ ನೀರು ಸಾಕು. ನೀರು ಆವಿಯಾದ ಮೇಲೆ ಉಳಿಯುವ ಉಪ್ಪಿನ ಕ್ಲೋರೈಡ್ ಸ್ಟೇನ್‌ಲೆಸ್ಸಿಗೆ ಒಳ್ಳೆಯದಲ್ಲ.

ಎಲ್ಲಿಂದ ಶುರು ಮಾಡಬೇಕು ಎಂಬುದಕ್ಕೆ ಮಂಗಳೂರು ಹೆಂಚಿನ ಮಾಡು ನೆನಪಿಸಿಕೊಳ್ಳಿ. ಕೆಳಗಿನ ಸಾಲು ಮೊದಲು, ಅದರ ಮೇಲೆ ಮೇಲಿನ ಸಾಲಿನ ಅಂಚು. ಪೈಪಿಗೂ ಹಾಗೆಯೇ. ಕೆಳಗಿನ ತುದಿಯಿಂದ ಆರಂಭಿಸಿ ಹೆಡ್ಡಿನ ಕಡೆಗೆ ಸುತ್ತುತ್ತಾ ಹೋದರೆ ಮೇಲಿನ ಸುತ್ತು ಕೆಳಗಿನದನ್ನು ಹೊದಿಯುತ್ತದೆ, ಮಳೆನೀರು ಜಾರಿ ಹೋಗುತ್ತದೆ. ತಿರುಗುಮುರುಗಾದರೆ ಪ್ರತಿ ಅಂಚೂ ಒಂದೊಂದು ಬೊಗಸೆಯಾಗಿ ನೀರು ಹಿಡಿಯುತ್ತದೆ. ಎಕ್ಸ್‌ಪ್ಯಾನ್ಷನ್ ಚೇಂಬರಿನ ಕೋನುಗಳಿಗೆ ಮಾತ್ರ ಈ ನಿಯಮ ಬಿಡಬೇಕಾಗುತ್ತದೆ. ಪಟ್ಟಿ ಸಣ್ಣ ಬದಿಗೆ ಜಾರುವುದರಿಂದ ಸಣ್ಣ ಬದಿಯಿಂದ ದಪ್ಪ ಬದಿಗೆ ಸುತ್ತಿ, ಪ್ರತಿ ಕೋನಿನ ಕೊನೆಯಲ್ಲಿ ಒಂದು ಕಟ್ಟು ಹಾಕಿ.

ಮೊದಲ ಸುತ್ತನ್ನು ಅದರ ಮೇಲೆಯೇ ಇನ್ನೊಂದು ಪೂರ್ತಿ ಸುತ್ತು ಹಾಕಿ ಬಿಗಿದು, ತಾತ್ಕಾಲಿಕವಾಗಿ ಹೋಸ್ ಕ್ಲಿಪ್ ಹಾಕಿಕೊಳ್ಳಿ. ಸುರುಳಿಯನ್ನು ಒಬ್ಬರು ಎಳೆದು ಹಿಡಿಯಲಿ, ಇನ್ನೊಬ್ಬರು ಪೈಪನ್ನು ತಿರುಗಿಸಲಿ. ಬೆಂಡಿನಲ್ಲಿ ಒಳಬದಿ ಪಟ್ಟಿ ರಾಶಿಯಾಗುತ್ತದೆ, ಹೊರಬದಿ ಬಾಯಿ ತೆರೆಯುತ್ತದೆ. 6 ಮಿ.ಮೀ. ಅಳತೆಯನ್ನು ಯಾವಾಗಲೂ ಹೊರಬದಿಯಲ್ಲೇ ನೋಡಿ. ಎರಡು ಪದರ ಬೇಡ. ಅದರಿಂದ ಸಿಗುವ ಹೆಚ್ಚಿನ ಲಾಭ ಅತ್ಯಲ್ಪ, ಲೋಹಕ್ಕೆ ಆಗುವ ಸಂಕಟ ಹೆಚ್ಚು. ಒಂದು ಪೈಪು ಇನ್ನೊಂದರೊಳಗೆ ಕೂರುವ ಸ್ಲಿಪ್ ಜಾಯಿಂಟಿನಿಂದ 20 ಮಿ.ಮೀ. ಮೊದಲೇ ನಿಲ್ಲಿಸಿ. ಸ್ಪ್ರಿಂಗುಗಳನ್ನು, ಆಕ್ಸಿಜನ್ ಸೆನ್ಸರಿನ ಬುಡವನ್ನು ಮುಚ್ಚಬೇಡಿ. ಸೈಲೆನ್ಸರ್ ಕ್ಯಾನಿಗೆ ಸುತ್ತಲೇಬೇಡಿ.

ಕೊನೆಯ ತುದಿಯನ್ನು 30 ಮಿ.ಮೀ. ಒಳಕ್ಕೆ ಮಡಿಚಿ, ಎಳೆ ಬಿಚ್ಚದಂತೆ ಮಾಡಿ ಕಟ್ಟಿ. ಕಟ್ಟಲು 4.6 ಮಿ.ಮೀ. ಅಗಲ, 200 ಮಿ.ಮೀ. ಉದ್ದದ ಸ್ಟೇನ್‌ಲೆಸ್ ಟೈ ಸಾಕು. ತುದಿಗಳಿಗೆ ಎರಡೆರಡು, ನಡುವೆ ಪ್ರತಿ 150 ಮಿ.ಮೀ.ಗೆ ಒಂದು. ಟೈ ಸಿಗದಿದ್ದರೆ 0.8 ಮಿ.ಮೀ. ಲಾಕ್ ವೈರನ್ನು ಎರಡು ಸುತ್ತು ಹಾಕಿ ತಿರುಚಿ. ಟೈನ ತಲೆ ಟೈರಿನ ಕಡೆಗೂ ಸವಾರನ ಕಾಲಿನ ಕಡೆಗೂ ಬರಬಾರದು. ಕತ್ತರಿಸಿದ ಬಾಲ ಬ್ಲೇಡಿನಷ್ಟೇ ಚೂಪು, ಮಡಿಚಿ ಒಳಗೆ ಒತ್ತಿ. ಹೋಸ್ ಕ್ಲಿಪ್ಪನ್ನೇ ಶಾಶ್ವತವಾಗಿ ಬಿಟ್ಟರೆ ಕಾದು ಆರಿ ಕಾದು ಆರಿ ಸಡಿಲವಾಗುತ್ತದೆ.

ಜೋಡಿಸಿದ ಮೇಲೆ ಇಂಜಿನ್ ಐದು ನಿಮಿಷ ಓಡಿಸಿ, ಪೂರ್ತಿ ಆರಲು ಬಿಡಿ, ಮತ್ತೆ ಹತ್ತು ನಿಮಿಷ. ಬಯಲಿನಲ್ಲೇ ಮಾಡಿ, ಹೊಗೆ ಬರುತ್ತದೆ, ನೂಲಿಗೆ ಹಚ್ಚಿದ ಅಂಟು ಸುಡುವ ಹೊಗೆ ಅದು. ಹೊಗೆ ನಿಂತ ಮೇಲೆ ಟೈಗಳನ್ನು ಮತ್ತೆ ಬಿಗಿಯಿರಿ, ಹೆಡ್ಡಿನ ಬಳಿಯ ನಟ್ಟುಗಳನ್ನೂ ನೋಡಿ. ಮಳೆ ಬೀಳುವ ಟ್ರ್ಯಾಕಿಗೆ ಹೋಗುವವರು ಇದಾದ ಮೇಲೆ ಸಿಲಿಕೋನ್ ಸ್ಪ್ರೇಯ ಎರಡು ಕೋಟ್ ಹೊಡೆದರೆ ಪಟ್ಟಿ ನೀರನ್ನೂ ಎಣ್ಣೆಯನ್ನೂ ಕಡಿಮೆ ಹೀರುತ್ತದೆ.

ಕೆಡುವುದು ಹೇಗೆ? ಎಲ್ಲಕ್ಕಿಂತ ಅಪಾಯದ್ದು ಎಣ್ಣೆ. ಪಟ್ಟಿ ದೀಪದ ಬತ್ತಿಯಂತೆ. ಟ್ಯಾಪೆಟ್ ಕವರಿನಿಂದ ಜಿನುಗಿದ ಆಯಿಲ್, ಟೂ ಸ್ಟ್ರೋಕಿನ ಜಾಯಿಂಟಿನಿಂದ ಒಸರುವ ಕಪ್ಪು ಎಣ್ಣೆ, ಬಿದ್ದ ಬೈಕಿನ ಟ್ಯಾಂಕಿನಿಂದ ಸೋರಿದ ಪೆಟ್ರೋಲು, ಇವೆಲ್ಲವನ್ನೂ ಅದು ಹೀರಿ ಕಾದ ಲೋಹದ ಮೇಲೆಯೇ ಹಿಡಿದಿಟ್ಟುಕೊಳ್ಳುತ್ತದೆ. ಎಣ್ಣೆ ಕುಡಿದ ಪಟ್ಟಿಯನ್ನು ತೊಳೆದು ಉಳಿಸುವ ದಾರಿ ಇಲ್ಲ, ಕಿತ್ತು ಎಸೆಯಿರಿ. ಬೈಕು ಬಿದ್ದಿತ್ತೆಂದರೆ ಮುಂದಿನ ಸೆಷನ್ನಿಗೆ ಹೋಗುವ ಮುನ್ನ ಪಟ್ಟಿಯ ಪ್ರತಿ ಇಂಚನ್ನೂ ಮೂಸಿ, ಮುಟ್ಟಿ ನೋಡಿ. ಟ್ರ್ಯಾಕಿನಲ್ಲಿ ಬೆಂಕಿ ಹತ್ತಿದರೆ ಅಪಾಯ ನಿಮ್ಮೊಬ್ಬರದಲ್ಲ, ಹಿಂದೆ ಬರುವವರದೂ ಹೌದು.

ಎರಡನೆಯದು ಬಿಚ್ಚಿಕೊಂಡ ತುದಿ. ಅದು ಚೈನಿಗೋ ಮುಂದಿನ ಚಕ್ರಕ್ಕೋ ಸಿಕ್ಕಿದರೆ ಆಗುವುದನ್ನು ಬಿಡಿಸಿ ಹೇಳಬೇಕಿಲ್ಲ. ಮೂರನೆಯದು ಸೈಲೆನ್ಸರ್ ಹತ್ತಿ, ಅಂದರೆ ಶಬ್ದ ಹೀರಲು ಕ್ಯಾನಿನೊಳಗೆ ತುಂಬಿದ ನಾರು. ಪೈಪಿನಲ್ಲಿ ಕಳೆಯದ ಬಿಸಿ ಕ್ಯಾನಿಗೆ ಬರುತ್ತದೆ, ಒಳಗಿನ ಹತ್ತಿ ಬೇಗ ಸುಟ್ಟು ಹಾರುತ್ತದೆ. ಸ್ಕ್ರೂಟಿನಿಯಲ್ಲಿ (ಓಟಕ್ಕೆ ಮುಂಚಿನ ಬೈಕಿನ ತಪಾಸಣೆಯಲ್ಲಿ) ಶಬ್ದ ಹೆಚ್ಚೆಂದು ಹಿಂದೆ ಕಳಿಸಿದರೆ ಮೊದಲು ಹತ್ತಿ ಬಿಚ್ಚಿ ನೋಡಿ.

ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆದುಕೊಳ್ಳುತ್ತೇವೆ.

ಲೇಸರ್ ಗನ್ನಿನಂಥ ಥರ್ಮಾಮೀಟರ್ ಹಿಡಿದರೆ ಬರಿಯ ಸ್ಟೇನ್‌ಲೆಸ್ ಪೈಪಿಗೂ ಪಟ್ಟಿ ಸುತ್ತಿದ ಪೈಪಿಗೂ ಹೆಚ್ಚು ವ್ಯತ್ಯಾಸವೇ ಕಾಣುವುದಿಲ್ಲ, ಪಟ್ಟಿ ಕೆಲಸ ಮಾಡುತ್ತಿಲ್ಲವೇ ಎಂದು ಒಬ್ಬರು ಕೇಳಿದರು. ಮಾಡುತ್ತಿದೆ. ತಪ್ಪು ಮೊದಲ ಅಳತೆಯಲ್ಲಿದೆ. ಹೊಳೆಯುವ ಲೋಹ ತನ್ನ ಬಿಸಿಗೆ ತಕ್ಕಷ್ಟು ಕಿರಣ ಹೊರಸೂಸುವುದಿಲ್ಲ. ಆದ್ದರಿಂದ ಆ ಥರ್ಮಾಮೀಟರ್ ಬರಿಯ ಪೈಪನ್ನು ಇರುವುದಕ್ಕಿಂತ ಬಹಳ ತಂಪೆಂದು ಓದುತ್ತದೆ, ಪಟ್ಟಿಯನ್ನು ಹೆಚ್ಚುಕಡಿಮೆ ಸರಿಯಾಗಿ ಓದುತ್ತದೆ. ಬರಿಯ ಪೈಪಿನ ಮೇಲೆ ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಬಿಸಿ ತಡೆಯುವ ಹೊಳಪಿಲ್ಲದ ಕಪ್ಪು ಪೇಂಟ್ ಹಚ್ಚಿ ಅಲ್ಲಿಗೆ ಹಿಡಿದು ಅಳೆಯಿರಿ, ಅಥವಾ ಕೆ ಮಾದರಿಯ ಥರ್ಮೋಕಪಲನ್ನು (ಮುಟ್ಟಿ ಬಿಸಿ ಅಳೆಯುವ ತಂತಿಯನ್ನು) ಕ್ಲಿಪ್ಪಿನಿಂದ ಬಿಗಿಯಿರಿ.

ಕರಾವಳಿಯವರೊಬ್ಬರ ಪ್ರಶ್ನೆ: ಮಳೆಗಾಲದಲ್ಲಿ ಪಟ್ಟಿ ಇರಲೋ ಬೇಡವೋ? ರೇಸಿಗೂ ರಸ್ತೆಗೂ ಒಂದೇ ಬೈಕಾದರೆ ಬೇಡ. ಒದ್ದೆ ಪಟ್ಟಿ ಒಣಗಬೇಕಾದರೆ ಇಂಜಿನ್ ಚೆನ್ನಾಗಿ ಕಾಯಬೇಕು. ಅಂಗಡಿಗೆ ಹೋಗಿಬರುವ ಓಟದಲ್ಲಿ ಅದು ಬೆಚ್ಚಗೆ ಒದ್ದೆಯಾಗಿಯೇ ಉಳಿಯುತ್ತದೆ, ತುಕ್ಕಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಅಂಥವರು ಪೈಪಿಗೆ ಸೆರಾಮಿಕ್ ಕೋಟಿಂಗ್ ಮಾಡಿಸಲಿ. ಖರ್ಚು ಹೆಚ್ಚು, ನೀರು ಹಿಡಿಯುವ ಭಯವಿಲ್ಲ. ರೇಸಿಗೆ ಮಾತ್ರ ಇರುವ ಬೈಕಾದರೆ ತೊಳೆಯುವಾಗ ಪಟ್ಟಿಗೆ ನೀರು ಹಾರಿಸಬೇಡಿ, ಒದ್ದೆಯಾದರೆ ಹದಿನೈದು ನಿಮಿಷ ಇಂಜಿನ್ ಓಡಿಸಿ ಆವಿ ನಿಲ್ಲುವವರೆಗೆ ಒಣಗಿಸಿ ನಿಲ್ಲಿಸಿ. ಸೀಸನ್ ಮುಗಿದ ಮೇಲೆ ಪಟ್ಟಿಗೆ ನೀರು ಚಿಮುಕಿಸಿ, ಧೂಳು ಏಳದಂತೆ ಬಿಚ್ಚಿ ಬಿಸಾಡಿ. ಒಮ್ಮೆ ಕಾದ ನಾರನ್ನು ಮತ್ತೆ ಸುತ್ತಲು ಆಗುವುದಿಲ್ಲ. ಬರಿದಾದ ಪೈಪನ್ನು ಬ್ರಷ್ ಹೊಡೆದು ಬೆಳಕಿಗೆ ಹಿಡಿಯಿರಿ. ಬೆರಳಿನಿಂದ ತಟ್ಟಿದಾಗ ಎಲ್ಲಾದರೂ ಸದ್ದು ಮಂದವಾದರೆ ಅಲ್ಲಿ ಬಿರುಕನ್ನು ಹುಡುಕಿ.